ಕೊಡಗಿನ ಮಳೆಯೂ ಒಂದು ಹಳೆಯ ಬಂದೂಕೂ

ಮೈಸೂರಿನಿಂದ ಹುಣಸೂರಿನ ಮಾರ್ಗವಾಗಿ ದಕ್ಷಿಣ ಕೊಡಗಿಗೆ ಹೋಗತಕ್ಕವರು ಲಕ್ಷ್ಮಣತೀರ್ಥ ನದಿಯನ್ನು ದಾಟಿ, ಹೊಗೆಸೊಪ್ಪಿನ ಹೊಲಗಳನ್ನು ಹಿಂದೆ ಬಿಟ್ಟು, ಆನೆಚೌಕೂರಿನ ಅರಣ್ಯದ ಬಾಗಿಲನ್ನು ಹೊಕ್ಕೊಡನೆ ಗಾಳಿಯೇ ಬೇರೆಯಾದುದನ್ನು ಅರಿಯುವರು. ಎರಡು ಪಕ್ಕದಲ್ಲಿಯೂ ತೇಗ ಮತ್ತು ಬಿದಿರು. ನಡುವೆ ಅಲ್ಲಲ್ಲಿ ಆನೆಯ ಲದ್ದಿ ಬಿದ್ದಿರುವ ದಾರಿ. ತಿತಿಮತಿಯನ್ನು ಕಳೆದು ಗೋಣಿಕೊಪ್ಪಲನ್ನು ಸೇರುವಷ್ಟರಲ್ಲಿ ಕಾಡು ಸರಿದು ಕಾಫಿಯ ತೋಟಗಳೂ, ಅವುಗಳ ತಗ್ಗಿನಲ್ಲಿ ನಾಟಿ ಮುಗಿದ ಗದ್ದೆಗಳೂ ಮೊದಲಾಗುವುವು. ನಾನು ಹೋದುದು ಶ್ರಾವಣದ ಮಳೆಯಲ್ಲಿ. ಕೊಡಗರ ಕಕ್ಕಡ ಮಾಸವು ಕಳೆಯುತ್ತ ಬಂದಿದ್ದಿತು. ಪೊನ್ನಂಪೇಟೆಯ ಆಚೆ ತೋಟವನ್ನಿಟ್ಟುಕೊಂಡಿರುವ ನನ್ನ ಹಳೆಯ ಶಿಷ್ಯನೊಬ್ಬನು, ನಾನು ಕೆಲಸದಿಂದ ನಿವೃತ್ತನಾದುದನ್ನು ಕೇಳಿ, ಕೈಲು ಮುಹೂರ್ತದ ಹಬ್ಬವನ್ನು ಮುಗಿಸಿಕೊಂಡೇ ಹಿಂದಿರುಗಬೇಕೆಂದು ಕರೆದಿದ್ದನು.

ಬಯಲುಸೀಮೆಯವರಾದ ನಮಗೆ ಮಳೆಯೆಂದರೆ ಬಂದು ಹೋಗುವ ಅತಿಥಿ. ಅಲ್ಲಿ ಅದು ಮನೆಯ ಯಜಮಾನ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದು. ಅದರಲ್ಲಿ ಬಹುಭಾಗವು ಜೂನ್‌ನಿಂದ ಸೆಪ್ಟೆಂಬರಿನೊಳಗಾಗಿ ಸುರಿದುಹೋಗುವುದು. ದಕ್ಷಿಣದಲ್ಲಿ ಮಳೆಯು ಅಷ್ಟಿಲ್ಲವಾದರೂ ನನ್ನ ಪಾಲಿಗೆ ಬೇಕಾದಷ್ಟಿದ್ದಿತು. ಉಪ್ಪು ಭರಣಿಯಲ್ಲಿಯೇ ನೀರಾಯಿತು. ಒಗೆದ ಪಂಚೆಯು ನಾಲ್ಕು ದಿನವಾದರೂ ಒಣಗಲಿಲ್ಲ. ಸಂಗಡ ಒಯ್ದಿದ್ದ ಅಮರಕೋಶದ ರಟ್ಟಿನ ಮೇಲೆ ಬಿಳಿಯ ಬೂಷ್ಟು ಕಾಣಿಸಿಕೊಂಡಿತು. ನನ್ನ ಕೋಣೆಯ ಕದವು ಮರ ಉಬ್ಬಿ, ಅಗುಳಿಯು ತನ್ನ ರಂಧ್ರಕ್ಕೆ ಬಾರದೆ, ರಾತ್ರಿ ಒಂದು ಕುರ್ಚಿಯನ್ನು ಅಡ್ಡವಿಟ್ಟು ಮಲಗಬೇಕಾಗಿದ್ದಿತು. “ಬೇಸಿಗೆಯಲ್ಲಿ ಆ ಕದ ಸರಿಯಾಗಿಯೇ ಮುಚ್ಚುತ್ತದೆ, ಮೇಷ್ಟ್ರೆ, ಬಡಗಿಯನ್ನು ಕರೆದು ಹೆರೆಸಿದರೆ ಮಾರ್ಚಿಯಲ್ಲಿ ಬೆರಳು ತೂರುವಷ್ಟು ಸಂದಾಗುತ್ತದೆ. ಅದಕ್ಕೇ ಬಿಟ್ಟಿದ್ದೇವೆ” ಎಂದು ನನ್ನ ಶಿಷ್ಯನು ನಕ್ಕನು. ಕದದ ವಿಷಯದಲ್ಲಿ ಅವನಿಗಿದ್ದ ಈ ವಿವೇಕವು ಬಂದೂಕಿನ ವಿಷಯದಲ್ಲಿ ಇರಲಿಲ್ಲವೆಂಬುದು ಮರುದಿನವೇ ತಿಳಿದುಬಂದಿತು.

ಬಂದೂಕಿನ ಮಾತನ್ನು ಗೃಹಸ್ಥರು ಓದುವ ಪತ್ರಿಕೆಯಲ್ಲಿ ತರಬಹುದೇ ಎಂದು ವಾಚಕರು ಶಂಕಿಸಬಾರದು. ಕೊಡಗಿನಲ್ಲಿ ಅದು ಗೃಹಕೃತ್ಯಕ್ಕೇ ಸೇರಿದ ವಸ್ತು. ಗಂಡುಮಗು ಹುಟ್ಟಿದರೆ ಆಕಾಶದ ಕಡೆಗೆ ಒಂದು ಗುಂಡು. ಮನೆಯಲ್ಲಿ ಸಾವಾದರೆ ಎರಡು. ಎರಡು ಸದ್ದು ಕೇಳಿದ ನೆರೆಯವರು ಹೇಳಿಕಳುಹಿಸುವುದನ್ನು ಕಾಯದೆ ಹೊರಡುವರು. ಪುತ್ತರಿಯಲ್ಲಿ ಹೊಸ ತೆನೆಯನ್ನು ಕೊಯ್ಯುವ ಮುಹೂರ್ತವನ್ನು ಸಾರುವುದೂ ಕೋವಿಯೇ. ಕೊಡವ ಭಾಷೆಯಲ್ಲಿ ಅದಕ್ಕೆ ತೋಕ್ ಎಂದು ಹೆಸರು. ಹಿಂದಿನ ಕಾಲದಲ್ಲಿ ಹುಲಿಯನ್ನು ಹೊಡೆದ ವೀರನಿಗೆ ಮದುವಣಿಗನಂತೆ ಸಿಂಗಾರ ಮಾಡಿ ‘ನರಿ ಮಂಗಲ’ವೆಂಬ ಉತ್ಸವವನ್ನು ನಡೆಯಿಸುತ್ತಿದ್ದರು. ಅವರ ನುಡಿಯಲ್ಲಿ ನರಿಯೆಂದರೆ ಹುಲಿ. ನಮ್ಮ ಕನ್ನಡದ ನರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೆಸರನ್ನು ಕೇಳಿದವರು ಅನ್ಯಥಾ ಭಾವಿಸಬಾರದೆಂದು ಹೇಳಿದೆನು.

1834ರಲ್ಲಿ ಕೊಡಗು ಆಂಗ್ಲರ ವಶವಾಯಿತು. 1857ರ ಗಲಭೆಯ ನಂತರ ಅವರು ಭರತಖಂಡದ ಪ್ರಜೆಗಳ ಆಯುಧಗಳನ್ನು ಕಸಿದುಕೊಳ್ಳಲು ಕಾಯಿದೆಯನ್ನು ಮಾಡಿದಾಗ, 1861ರಲ್ಲಿ ಕೊಡವರನ್ನು ಅದರಿಂದ ಹೊರತುಪಡಿಸಿದರು. ಸ್ವತಂತ್ರ ಭಾರತದ 1959ರ ಆಯುಧಗಳ ಕಾಯಿದೆಯ 41ನೆಯ ಪ್ರಕರಣದ ಮೇರೆಗೆ ಈ ವಿನಾಯಿತಿಯು ಮುಂದುವರಿದು ಬಂದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇದು ಅನ್ವಯಿಸುವುದು. ಕೇಂದ್ರ ಸರಕಾರವು 2019ರಲ್ಲಿ ಇದನ್ನು 2029ರ ವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಇದನ್ನು ಎತ್ತಿ ಹಿಡಿಯಿತು. ವಿನಾಯಿತಿಯೆಂದರೆ ಸ್ವೇಚ್ಛೆಯೆಂದಲ್ಲ. ಮನೆಯವರಲ್ಲಿ ಅದಕ್ಕೆ ಪತ್ರವಿರಬೇಕು; ಬೇಟೆಯಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ನಿಷಿದ್ಧವಾಯಿತು. ಹಂದಿ ಗದ್ದೆಯನ್ನು ಹಾಳುಮಾಡಿದರೂ ರೈತನು ತಾನಾಗಿಯೇ ಕೋವಿಯನ್ನೆತ್ತುವಂತಿಲ್ಲ. ಹೀಗೆ ಬೇಟೆಗೆಂದು ಹುಟ್ಟಿದ ಬಂದೂಕುಗಳು ಐವತ್ತು ವರ್ಷಗಳಿಂದ ಪೂಜೆಗೂ ತೆಂಗಿನಕಾಯಿಯ ಗುರಿಗೂ ಮೀಸಲಾಗಿ ಉಳಿದಿವೆ.

ನನ್ನ ಶಿಷ್ಯನ ಮನೆಯಲ್ಲಿದ್ದುದು ಅಂಥದೇ ಒಂದು. ಅವನ ತಂದೆ ಸೈನ್ಯದಲ್ಲಿ ಸುಬೇದಾರರಾಗಿದ್ದು ನಿವೃತ್ತರಾದ ಮೇಲೆ ಕೊಂಡುಕೊಂಡ .315 ರೈಫಲ್ಲು. ನಳಿಗೆಯ ರಂಧ್ರವು ಒಂದು ಅಂಗುಲದ ಸಾವಿರದಲ್ಲಿ 315 ಭಾಗವೆಂದು ಈ ಅಂಕಿಯ ಅರ್ಥ. ಎಂದರೆ ಎಂಟು ಮಿಲಿಮೀಟರು. ಸೈನ್ಯದ .303 ತೋಟಾಗಳು ಪ್ರಜೆಗಳ ಕೈಗೆ ಹೋಗಬಾರದೆಂದು ಆಂಗ್ಲ ಸರಕಾರವು ನಿರ್ಬಂಧಿಸಿದ್ದರಿಂದ, ಇಂಡಿಯಾದ ಬೇಟೆಗಾರರಿಗೆಂದು ಬೇರೆಯ ಅಳತೆಯ ಈ ತೋಟಾ ಬಳಕೆಗೆ ಬಂದಿತು. ಕಲ್ಕತ್ತೆಯ ಬಳಿ ಹೂಗ್ಲಿಯ ದಡದಲ್ಲಿರುವ ಇಛಾಪುರದ ರೈಫಲ್ ಕಾರ್ಖಾನೆಯಲ್ಲಿ ಇಂಥವುಗಳನ್ನು ತಯಾರಿಸಿದರು. ಒಳಗಿನ ಯಂತ್ರವು ಮಾತ್ರ ಸೈನ್ಯದ ಲೀ-ಎನ್‌ಫೀಲ್ಡ್ ಬಂದೂಕಿನದೇ. ಲೀ ಎಂಬಾತನು ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದವನು. ಎನ್‌ಫೀಲ್ಡ್ ಎಂಬುದು ಇಂಗ್ಲೆಂಡಿನ ಆಯುಧಶಾಲೆಯಿದ್ದ ಊರು. ಇದನ್ನು ‘ಬೋಲ್ಟ್’ ಬಂದೂಕು ಎನ್ನುವರು. ಬೋಲ್ಟ್ ಎಂದರೆ ಕದದ ಅಗುಳಿಯೇ. ಹಿಡಿಯನ್ನು ಮೇಲೆತ್ತಿ ಹಿಂದಕ್ಕೆಳೆದರೆ ನಳಿಗೆಯ ಹಿಂಬಾಗಿಲು ತೆರೆಯುವುದು. ಮುಂದಕ್ಕೆ ನೂಕಿ ಕೆಳಗಿಳಿಸಿದರೆ ತೋಟಾ ಒಳಸೇರಿ ಬಾಗಿಲು ಭದ್ರವಾಗುವುದು. ಒಂದು ಸಲ ನೂಕಿದರೆ ಒಂದೇ ಗುಂಡು.

ಈ ವರ್ಷದ ಕೈಲು ಮುಹೂರ್ತದಲ್ಲಿ ತಾತನ ರೈಫಲ್ಲಿನಿಂದ ತೆಂಗಿನಕಾಯಿಯನ್ನು ಹೊಡೆಯಬೇಕೆಂದು ಅವನ ಮಗಳಿಗೆ ಆಸೆ. ಹತ್ತೊಂಬತ್ತು ವರ್ಷದ ಹುಡುಗಿ, ಕಾಲೇಜಿನಲ್ಲಿ ಓದುತ್ತಾಳೆ; .22 ರೈಫಲ್ಲಿನ ಸ್ಪರ್ಧೆಗಳಲ್ಲಿ ಎರಡು ಸಲ ಬಹುಮಾನ ಪಡೆದಿದ್ದಾಳೆ. ಆದರೆ ತಾತನ ಬಂದೂಕು ಅವಳ ಮಾತನ್ನು ಕೇಳುತ್ತಿರಲಿಲ್ಲ. ಐವತ್ತು ಗಜದಲ್ಲಿ ಐದು ಗುಂಡು ಹೊಡೆದರೆ ಅವು ಆರು ಅಂಗುಲದಷ್ಟು ಚೆದರುತ್ತಿದ್ದುವು. ಟ್ರಿಗರು, ಎಂದರೆ ತೋರುಬೆರಳಿನಿಂದ ಎಳೆಯುವ ಕೀಲು, ಕಲ್ಲಿನಂತೆ ಬಿಗಿದುಕೊಂಡಿತ್ತು. ತರಕಾರಿ ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಸಿಕ್ಕಿಸಿ ಎಳೆದು ನೋಡಿದೆವು. ನಾಲ್ಕು ಕಿಲೋ ದಾಟಿದ ಮೇಲೆಯೇ ಅದು ಬಿಟ್ಟುಕೊಟ್ಟಿತು. ಬಂದೂಕಿನ ತೂಕವೇ ಮೂರೂವರೆ ಕಿಲೋ. ತನ್ನ ತೂಕಕ್ಕಿಂತ ಹೆಚ್ಚಿನ ಬಲದಿಂದ ಎಳೆದ ವಸ್ತುವು ಅಲುಗದೆ ಇರುವುದೆಂತು?

“ಟ್ರಿಗರ್ ಕಚ್ಚುವ ಜಾಗವನ್ನು ಸ್ವಲ್ಪ ಅರದಿಂದ ಉಜ್ಜಿಸಿಬಿಟ್ಟರೆ ಬೆಣ್ಣೆಯ ಹಾಗೆ ಆಗುತ್ತದಂತೆ, ಮೇಷ್ಟ್ರೆ. ಹಬ್ಬಕ್ಕೆ ಇನ್ನೂ ಮೂರು ವಾರವಿದೆ” ಎಂದು ನನ್ನ ಶಿಷ್ಯನು ಹೊರಟನು. ನಾನೂ ಜೊತೆಗೆ ಹೋದೆನು. ಬಂದೂಕನ್ನು ರಿಪೇರಿ ಮಾಡುವುದಕ್ಕೂ ಕಾಯಿದೆಯಂತೆ ಪರವಾನಗಿ ಬೇಕು. ಕಂಡ ಕಮ್ಮಾರನಿಗೆ ಕೊಡತಕ್ಕದ್ದಲ್ಲ. ಪೇಟೆಯಲ್ಲಿ ಅಂಥ ಒಂದು ಅಂಗಡಿಯಿದ್ದಿತು. ಕೆಲಸಗಾರರು ಎಪ್ಪತ್ತು ದಾಟಿದ ವೃದ್ಧರು, ಮಿತಭಾಷಿಗಳು. ಬಂದೂಕನ್ನು ಕೈಗೆ ತೆಗೆದುಕೊಂಡವರೆ ಮೊದಲು ಬೋಲ್ಟನ್ನು ತೆರೆದು, ಒಳಗೆ ತೋಟಾ ಇಲ್ಲವೆಂಬುದನ್ನು ಕಣ್ಣಿನಿಂದ ನೋಡಿ, ಬಳಿಕ ಕಿರುಬೆರಳನ್ನು ಒಳಗಿಟ್ಟು ಮುಟ್ಟಿಯೂ ನೋಡಿದರು. ಮನೆಯಲ್ಲಿ ನಾವು ನೋಡಿಯೇ ತಂದಿದ್ದೆವೆಂದು ಹೇಳಿದ್ದನ್ನು ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಅನಂತರ ಟ್ರಿಗರನ್ನು ಎರಡು ಸಲ ಎಳೆದು ನೋಡಿ ಒಂದೇ ಪ್ರಶ್ನೆಯನ್ನು ಕೇಳಿದರು:

“ಸಾಹುಕಾರರೆ, ಇದು ಏಪ್ರಿಲ್ ತಿಂಗಳಲ್ಲಿ ಹೇಗಿತ್ತು?”

ನನ್ನ ಶಿಷ್ಯನು ಯೋಚಿಸಿದನು. ಬೇಸಿಗೆಯಲ್ಲಿ ಹೀಗೆ ಗಟ್ಟಿಯಾಗಿರಲಿಲ್ಲ. ಬೆರಳು ತಾಗಿದರೆ ಸಾಕು, ಬಿಡುತ್ತಿತ್ತು. ಆಗ ತಿರುಪು ಸಡಿಲವಾಗಿದೆಯೆಂದು ತಾನೇ ಬಿಗಿ ಮಾಡಿದ್ದುಂಟು, ಪ್ರತಿ ಬೇಸಿಗೆಯಲ್ಲಿಯೂ ಮಾಡುವುದುಂಟು ಎಂದನು.

“ಹಾಗಾದರೆ ಕಬ್ಬಿಣಕ್ಕೆ ಅರ ಹಾಕುವುದಿಲ್ಲ. ಮರವನ್ನು ಬಿಚ್ಚಿ ನೋಡೋಣ” ಎಂದು ಅವರು ತಿರುಪುಗಳಿಗೆ ಎಣ್ಣೆ ಬಿಟ್ಟರು.

ಇಲ್ಲಿ ಯಂತ್ರದ ಮರ್ಮವನ್ನು ಸ್ವಲ್ಪ ಹೇಳದೆ ಮುಂದಿನದು ತಿಳಿಯದು. ಬೋಲ್ಟಿನ ಒಳಗೆ ಬಲವಾದ ಒಂದು ಸುರುಳಿ ಸ್ಪ್ರಿಂಗೂ ತೋಟಾದ ಬೆನ್ನನ್ನು ಕುಟ್ಟುವ ಮುಳ್ಳೂ ಇರುತ್ತವೆ. ಬೋಲ್ಟನ್ನು ಮುಂದಕ್ಕೆ ನೂಕಿದಾಗ ಆ ಮುಳ್ಳಿನ ಹಿಂದಣ ತುಂಡನ್ನು ಒಂದು ಸಣ್ಣ ಕೊಕ್ಕೆಯು ಹಿಡಿದು ನಿಲ್ಲಿಸುವುದು. ಈ ಕೊಕ್ಕೆಗೆ ಸಿಯರ್ ಎಂದು ಹೆಸರು. ಸ್ಪ್ರಿಂಗಿನ ಸಮಸ್ತ ಬಲವೂ ಈ ಕೊಕ್ಕೆಯ ತುದಿಯಲ್ಲಿ, ಭತ್ತದ ಕಾಳಿಗಿಂತ ಕಿರಿದಾದ ಅಂಚಿನ ಮೇಲೆ, ನಿಂತಿರುವುದು. ಟ್ರಿಗರನ್ನು ಎಳೆದಾಗ ಕೊಕ್ಕೆ ಕೆಳಕ್ಕೆ ಜಾರಿ ಮುಳ್ಳು ಮುನ್ನುಗ್ಗುವುದು. ಲೀ-ಎನ್‌ಫೀಲ್ಡಿನ ಟ್ರಿಗರಿನ ತಲೆಯಲ್ಲಿ ಎರಡು ಉಬ್ಬುಗಳಿವೆ. ಮೊದಲನೆಯ ಉಬ್ಬು ತಾಗಿದಾಗ ಎಳೆತವು ಹಗುರವಾಗಿ ಸ್ವಲ್ಪ ದೂರ ಬರುವುದು; ಎರಡನೆಯದು ತಾಗಿದಾಗ ಬೆರಳಿಗೆ ಒಂದು ತಡೆ ಸಿಕ್ಕುವುದು. ಅಲ್ಲಿ ನಿಂತು, ಉಸಿರನ್ನು ಹಿಡಿದು, ಇನ್ನಷ್ಟು ಒತ್ತಿದರೆ ಗುಂಡು ಹಾರುವುದು. ಈ ಎರಡನೆಯ ಎಳೆತಕ್ಕೆ ಸೈನ್ಯದಲ್ಲಿ ಐದಾರು ಪೌಂಡು, ಎಂದರೆ ಸುಮಾರು ಎರಡೂವರೆ ಕಿಲೋ, ಇರಬೇಕೆಂದು ನಿಯಮ.

ಇನ್ನು ಇದರ ದೋಷವನ್ನು ಕೇಳಿರಿ. ಕೊಕ್ಕೆಯನ್ನು ಮೇಲಿನ ಕಬ್ಬಿಣದ ಮೈಗೆ ಜೋಡಿಸಿದ್ದಾರೆ. ಟ್ರಿಗರನ್ನಾದರೋ ಕೆಳಗಿನ ಕಬ್ಬಿಣದ ಪಟ್ಟಿಗೆ ಜೋಡಿಸಿದ್ದಾರೆ. ಇವೆರಡರ ನಡುವೆ ಇರುವುದು ಮರ. ಗಂಡಹೆಂಡಿರ ನಡುವೆ ಮೂರನೆಯವರು ಬಂದಂತೆ, ಮರ ಉಬ್ಬಿದರೆ ಟ್ರಿಗರು ಕೊಕ್ಕೆಯಿಂದ ದೂರ ಸರಿಯುವುದು, ಕುಗ್ಗಿದರೆ ಮೇಲೇರಿ ತಾಗುವುದು. ಈ ಕೊರತೆಯನ್ನು ಮನಗಂಡೇ ಆಂಗ್ಲರು ತಮ್ಮ ನಾಲ್ಕನೆಯ ನಮೂನೆಯ ಬಂದೂಕಿನ ಕೊನೆಯ ತಿದ್ದುಪಡಿಯಲ್ಲಿ ಟ್ರಿಗರನ್ನು ಮೇಲಿನ ಮೈಗೇ ತೂಗುಹಾಕಿದರು. ಹಳೆಯ ನಮೂನೆಗಳಿಗೆ ಆ ಭಾಗ್ಯವಿಲ್ಲ.

ಮರವು ಎಷ್ಟು ಉಬ್ಬೀತೆಂದು ವಾಚಕರು ಕೇಳಬಹುದು. ಉದ್ದಕ್ಕೆ ಅದು ಬೆಳೆಯುವುದು ಇಲ್ಲವೆನ್ನುವಷ್ಟು ಕಡಮೆ. ಎಳೆಗೆ ಅಡ್ಡಲಾಗಿ ಬೆಳೆಯುವುದು. ಒಣಹವೆಯಲ್ಲಿ ಮರದ ತೂಕದ ನೂರಕ್ಕೆ ಹತ್ತರಷ್ಟು ನೀರಿದ್ದರೆ, ಮಳೆಗಾಲದಲ್ಲಿ ಅದು ಹದಿನೆಂಟಕ್ಕೆ ಏರಬಹುದು. ಅಷ್ಟರಿಂದಲೇ ಒಂದು ಅಂಗುಲ ದಪ್ಪದ ಗಟ್ಟಿಮರವು ಸುಮಾರು ಅರ್ಧ ಮಿಲಿಮೀಟರು ದಪ್ಪವಾಗುವುದು. ನಮ್ಮ ಮಕ್ಕಳು ಬರೆಯುವ ನೋಟುಪುಸ್ತಕದ ಐದು ಹಾಳೆಗಳ ದಪ್ಪವಿದು. ಕದಕ್ಕೆ ಇದು ಸಣ್ಣ ತೊಂದರೆ. ಕೂದಲೆಳೆಯ ಲೆಕ್ಕದಲ್ಲಿ ನಡೆಯುವ ಕೊಕ್ಕೆಗೆ ಇದು ಸಣ್ಣದಲ್ಲ.

ಈ ಏರುಪೇರನ್ನು ತಡೆಯಲೆಂದೇ ಮುಂದಿನ ತಿರುಪಿನ ಸುತ್ತ, ಮರದೊಳಗೆ, ಒಂದು ಉಕ್ಕಿನ ಕೊಳವೆಯ ತುಂಡನ್ನು ಇಟ್ಟಿರುತ್ತಾರೆ. ತಿರುಪನ್ನು ಎಷ್ಟು ಬಿಗಿದರೂ ಕಬ್ಬಿಣವು ಕೊಳವೆಯ ಮೇಲೆ ನಿಲ್ಲುವುದೇ ಹೊರತು ಮರವನ್ನು ಹಿಸುಕುವುದಿಲ್ಲ. ವೃದ್ಧರು ಮರವನ್ನು ಬಿಚ್ಚಿ ನಮಗೆ ತೋರಿಸಿದರು: ಆ ಕೊಳವೆಯೇ ಅಲ್ಲಿರಲಿಲ್ಲ. ಯಾವ ಕಾಲದಲ್ಲಿಯೋ ಯಾರೋ ಬಿಚ್ಚಿದಾಗ ಕಳೆದುಹೋಗಿದ್ದಿತು. ಅಂದಿನಿಂದ ಪ್ರತಿ ಬೇಸಿಗೆಯಲ್ಲಿ ತಿರುಪು ಬಿಗಿದಾಗಲೆಲ್ಲ ಮರವು ಜಜ್ಜಿ, ಎಣ್ಣೆ ಕುಡಿದು ಕಪ್ಪಾಗಿ, ಹಣ್ಣಾದ ಬಾಳೆಯಂತೆ ಮೆತ್ತಗಾಗಿದ್ದಿತು. ಬೇಸಿಗೆಯಲ್ಲಿ ಟ್ರಿಗರು ಮೇಲೇರಿ ಕೊಕ್ಕೆಯನ್ನು ಆಗಲೇ ಅರ್ಧ ಎಳೆದುಬಿಟ್ಟಿರುತ್ತಿತ್ತು. ಆದ್ದರಿಂದ ಬೆರಳು ತಾಗಿದರೆ ಸಾಕಾಗುತ್ತಿತ್ತು. ಮಳೆಯಲ್ಲಿ ಅದು ಕೆಳಗಿಳಿದು ಎರಡನೆಯ ಉಬ್ಬು ಕೆಲಸಕ್ಕೇ ಬಾರದೆ, ಒಂದೇ ನೀಳವಾದ ಎಳೆತವಾಗುತ್ತಿತ್ತು. ಅದರ ಮೇಲೆ ಕೊಕ್ಕೆಯ ಮುಖದಲ್ಲಿ ತುಕ್ಕೂ ಗಟ್ಟಿಕಟ್ಟಿದ ಹಳೆಯ ಎಣ್ಣೆಯೂ ಸೇರಿದ್ದುವು.

“ಈಗ ಅರ ಹಾಕಿ ಇದನ್ನು ಹಗುರ ಮಾಡಿಕೊಡುವುದು ಅರ್ಧ ಗಂಟೆಯ ಕೆಲಸ” ಎಂದು ವೃದ್ಧರು ಹೇಳಿದರು. “ಹಬ್ಬದ ದಿನ ಹುಡುಗಿ ಸಂತೋಷವಾಗಿ ಹೊಡೆಯುತ್ತಾಳೆ. ಏಪ್ರಿಲ್ ಬಂದಾಗ ಮರ ಕುಗ್ಗುತ್ತದೆ. ಆಗ ಹಿಡಿಯುವುದಕ್ಕೆ ಕೊಕ್ಕೆಯಲ್ಲಿ ಏನು ಉಳಿದಿರುತ್ತದೆ? ಬೋಲ್ಟು ಮುಚ್ಚಿದರೆ ಸಾಕು, ಹಾರುತ್ತದೆ. ಎದುರಿಗೆ ಯಾರಿದ್ದಾರೆಂದು ಅದು ನೋಡುವುದಿಲ್ಲ.”

ನನ್ನ ಶಿಷ್ಯನ ಮುಖವು ಬಿಳುಪೇರಿದುದನ್ನು ಕಂಡೆನು. ಪುತ್ತರಿಯ ರಾತ್ರಿಯಲ್ಲಿ ಒಕ್ಕದ ಹೆಂಗಸರು ಮಕ್ಕಳೆಲ್ಲ ಗದ್ದೆಯ ಬದುವಿನಲ್ಲಿ ಒತ್ತೊತ್ತಾಗಿ ನಿಂತಿರುವಾಗ ಬಂದೂಕಿಗೆ ತೋಟಾ ತುಂಬುವುದು ಅವನೇ.

ಕೆಲಸಕ್ಕೆ ಹದಿನೈದು ದಿನ ಹಿಡಿಯಿತು. ನಾನು ಬಿಡುವಾದಾಗಲೆಲ್ಲ ಹೋಗಿ ನೋಡುತ್ತ ಕುಳಿತಿರುತ್ತಿದ್ದೆನು. ಜಜ್ಜಿದ ಮರವನ್ನು ಕೆತ್ತಿ ತೆಗೆದು ಒಣಗಿದ ಹೊಸ ತುಂಡನ್ನು ಕೂಡಿಸಿದರು. ಮರವನ್ನು ಒಲೆಯ ಬಳಿಯಲ್ಲಿಟ್ಟರೆ ಸೀಳು ಬಿಡುವುದೆಂದು ಅಟ್ಟದ ಮೇಲೆ ನೆರಳಿನಲ್ಲಿಯೇ ಆರಿಸಿದರು. ಸರಿಯಾದ ಉದ್ದದ ಕೊಳವೆಯನ್ನು ಉಕ್ಕಿನಲ್ಲಿ ಕಡೆದರು. ಒಂದು ಸಲ ಹಾಕಿ, ತೆಗೆದು, ಅಂಚನ್ನು ಕಲ್ಲಿನ ಮೇಲೆ ಉಜ್ಜಿ, ಮತ್ತೆ ಹಾಕಿ, ಹೀಗೆ ಏಳೆಂಟು ಬಾರಿ. ಕೊಕ್ಕೆಯ ಮುಖವನ್ನು ಎಣ್ಣೆಗಲ್ಲಿನಿಂದ ನಯಮಾಡಿದರಾದರೂ ಅದರ ಓರೆಯನ್ನು ಮುಟ್ಟಲಿಲ್ಲ. ತುಕ್ಕು ಹೋದರೆ ಸಾಕು, ಕಬ್ಬಿಣ ಹೋಗಬಾರದು ಎಂಬುದು ಅವರ ಮಾತು.

ಗುರಿಯ ದೋಷಕ್ಕೂ ಮರವೇ ಮೂಲವೆಂದು ಅವರು ತೋರಿಸಿಕೊಟ್ಟ ರೀತಿಯು ನನಗೆ ಬಹಳ ಮೆಚ್ಚಿಕೆಯಾಯಿತು. ಒಂದು ಕಾಗದದ ಪಟ್ಟಿಯನ್ನು ನಳಿಗೆಗೂ ಅದರ ಕೆಳಗಣ ಮರಕ್ಕೂ ನಡುವೆ ತೂರಿಸಿ ಹಿಂದಕ್ಕೆ ಎಳೆದುಕೊಂಡು ಬಂದರು. ತುದಿಯ ಬಳಿ ಎಡಗಡೆಯಲ್ಲಿ ಕಾಗದವು ಸಿಕ್ಕಿಕೊಂಡಿತು. ಅಲ್ಲಿ ಉಬ್ಬಿದ ಮರವು ನಳಿಗೆಯನ್ನು ಒತ್ತುತ್ತಿದ್ದಿತು. ಗುಂಡು ಹಾರುವಾಗ ನಳಿಗೆಯು ತಂತಿಯಂತೆ ಕಂಪಿಸುವುದು. ಒಂದೊಂದು ಗುಂಡಿಗೆ ಬಿಸಿಯಾಗುತ್ತ ಹೋಗುವುದು. ಒಂದು ಪಕ್ಕದಿಂದ ಒತ್ತಡವಿದ್ದರೆ ಆ ಕಂಪನವು ಪ್ರತಿ ಸಲವೂ ಒಂದೇ ತೆರನಾಗಿರದು. ನಾನು ಹಳೆಯ ಅಭ್ಯಾಸದಿಂದ ಅಲ್ಲಿಯೇ ಒಂದು ಲೆಕ್ಕವನ್ನು ಹಾಕಿದೆನು. ಅರವತ್ತು ಸೆಂಟಿಮೀಟರು ಉದ್ದದ ನಳಿಗೆಯ ತುದಿಯು ಒಂದು ಹಾಳೆಯ ದಪ್ಪದಷ್ಟು, ಎಂದರೆ ಮಿಲಿಮೀಟರಿನ ಹತ್ತನೆಯ ಒಂದು ಪಾಲು, ಓರೆಯಾದರೆ, ನೂರು ಮೀಟರು ದೂರದಲ್ಲಿ ಗುಂಡು ಸುಮಾರು ಹದಿನೇಳು ಮಿಲಿಮೀಟರು ಪಕ್ಕಕ್ಕೆ ಹೋಗುವುದು. ಸಮರೂಪ ತ್ರಿಭುಜಗಳ ಪಾಠವನ್ನು ಮೂವತ್ತು ವರ್ಷ ಹೇಳಿಕೊಟ್ಟವನಿಗೆ ಇಂಥ ಉದಾಹರಣೆಯೊಂದು ಆಗ ಸಿಕ್ಕಿದ್ದರೆ ಹಿಂದಿನ ಬೆಂಚಿನವರೂ ಎಚ್ಚರವಾಗಿರುತ್ತಿದ್ದರು.

ಮರ ತಾಗುವ ಸ್ಥಳವನ್ನು ಕಂಡುಹಿಡಿಯಲು ಅವರು ಉಪಯೋಗಿಸಿದ್ದು ದೀಪದ ಕಾಡಿಗೆ. ಎಣ್ಣೆಯ ದೀಪದ ಮೇಲೆ ತಟ್ಟೆ ಹಿಡಿದು ಮಸಿಯನ್ನು ಕೂಡಿಸಿ, ನಮ್ಮ ಮನೆಗಳಲ್ಲಿ ಕೂಸುಗಳಿಗೆ ಹಚ್ಚಲು ಮಾಡುವಂತೆಯೇ ಎಣ್ಣೆಯಲ್ಲಿ ಕಲಸಿ, ನಳಿಗೆಯ ಕೆಳಮೈಗೆ ತೆಳ್ಳಗೆ ಬಳಿದು, ಮರದಲ್ಲಿ ಕೂಡಿಸಿ ತೆಗೆಯುವರು. ಎಲ್ಲಿ ಕಪ್ಪು ಹತ್ತಿತೋ ಅಲ್ಲಿ ಮಾತ್ರ ಉಗುರಿನಷ್ಟು ಹೆರೆಯುವರು. ಯಂತ್ರದ ಮೈಯ ಹಿಂದೆ, ಗುಂಡಿನ ಒದೆತವನ್ನು ತಾಳಿಕೊಳ್ಳುವ ಎರಡು ಮೂಲೆಗಳಲ್ಲಿ ಮಾತ್ರ ಕಪ್ಪು ಸಮವಾಗಿ ಎರಡು ಕಡೆಯೂ ಹತ್ತಬೇಕು. ನಳಿಗೆಯ ಉದ್ದಕ್ಕೂ ಎಲ್ಲಿಯೂ ಹತ್ತಬಾರದು. ಈ ಕೆಲಸಕ್ಕೆ ನಾಲ್ಕು ದಿನವಾಯಿತು. ಕೊನೆಗೆ ಒಳಮೈಗೆಲ್ಲ ಅಗಸೆ ಎಣ್ಣೆಯನ್ನು ತೆಳುವಾಗಿ ಐದಾರು ಸಲ ಉಜ್ಜಿ ಆರಿಸಿದರು. ಹೊರಗೆ ಹೊಳಪು ಕೊಡುವವರು ಬಹಳ, ಒಳಗೆ ಎಣ್ಣೆ ಕಾಣಿಸುವವರು ಕಡಮೆ. ಆದರೆ ತೇವವು ಹೋಗುವುದು ಒಳಗಿನಿಂದ ಎಂದು ಹೇಳಿದರು. ಎಣ್ಣೆಯು ತೇವವನ್ನು ಪೂರ್ತಿ ತಡೆಯದು, ನಿಧಾನ ಮಾಡುವುದು.

ನಳಿಗೆಯ ಒಳಗೆ ಗುಂಡನ್ನು ತಿರುಗಿಸುವ ಸುರುಳಿಗೆರೆಗಳು ಚೆನ್ನಾಗಿಯೇ ಇದ್ದುವು. ಸುಬೇದಾರರು ಸೈನ್ಯದ ಅಭ್ಯಾಸದಂತೆ ಹೊಡೆದ ದಿನವೇ ಕುದಿಯುವ ನೀರನ್ನು ಒಳಗೆ ಸುರಿದು ಒರೆಸಿ ಎಣ್ಣೆ ಹಚ್ಚುತ್ತಿದ್ದರಂತೆ. ಹಳೆಯ ಕಾಲದ ತೋಟಾಗಳ ಮದ್ದಿನಿಂದ ಒಳಗೆ ಉಳಿಯುವುದು ಒಂದು ಬಗೆಯ ಉಪ್ಪು. ಅದು ಎಣ್ಣೆಗೆ ಕರಗದು, ನೀರಿಗೆ ಕರಗುವುದು. ಬಿಟ್ಟರೆ ಭರಣಿಯ ಉಪ್ಪಿನಂತೆ ಗಾಳಿಯ ತೇವವನ್ನು ಎಳೆದುಕೊಂಡು ಉಕ್ಕನ್ನು ತಿನ್ನುವುದು.

ಎಲ್ಲವನ್ನೂ ಜೋಡಿಸಿದ ಮೇಲೆ ವೃದ್ಧರು ಮಾಡಿದ ಪರೀಕ್ಷೆಯನ್ನು ನಾನು ಮರೆಯಲಾರೆ. ಬರಿದಾದ ಬಂದೂಕಿನ ಬೋಲ್ಟನ್ನು ಇಪ್ಪತ್ತು ಸಲ ರಭಸದಿಂದ ಮುಚ್ಚಿದರು. ಬಳಿಕ ಅದರ ಹಿಂಭಾಗವನ್ನು ನೆಲದ ಮೇಲಿನ ಗೋಣಿತಟ್ಟಿಗೆ ಕುಟ್ಟಿದರು. ಪಕ್ಕದಿಂದ ಕೊಡತಿಯಿಂದ ತಟ್ಟಿದರು. ಒಂದು ಸಲವೂ ಕೊಕ್ಕೆ ಜಾರಲಿಲ್ಲ. ತಕ್ಕಡಿಯಲ್ಲಿ ಎಳೆದರೆ ಎರಡೂವರೆ ಕಿಲೋ. ಇನ್ನೂ ಸ್ವಲ್ಪ ಹಗುರ ಮಾಡಬಹುದಲ್ಲವೇ ಎಂದು ನನ್ನ ಶಿಷ್ಯನು ಕೇಳಿದಾಗ, “ಮಗಳ ಬೆರಳನ್ನು ಗಟ್ಟಿ ಮಾಡಿ, ಸಾಹುಕಾರರೆ” ಎಂದು ಬಿಲ್ಲು ಬರೆಯತೊಡಗಿದರು.

ಅದೂ ನಡೆಯಿತು. ಹುಡುಗಿಯು ಪ್ರತಿದಿನ ಸಂಜೆ ಒಂದು ಗಂಟೆ, ಮನೆಯಲ್ಲಿದ್ದ ತೋಟಾಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿದ ಮೇಲೆ, ಬರಿಯ ಬಂದೂಕನ್ನು ಹಿಡಿದು ಮಣ್ಣಿನ ಬರೆಯ ಕಡೆಗೆ ಗುರಿಯಿಟ್ಟು ಟ್ರಿಗರನ್ನು ಎಳೆಯುವ ಅಭ್ಯಾಸವನ್ನು ಮಾಡಿದಳು. ನಳಿಗೆಯ ತುದಿಯಲ್ಲಿ ಅವಳ ತಾಯಿ ಒಂದು ರೂಪಾಯಿಯ ನಾಣ್ಯವನ್ನು ಇಡುವರು. ಮುಳ್ಳು ಕುಟ್ಟಿದಾಗಲೂ ಅದು ಬೀಳಬಾರದು. ಮೊದಲ ದಿನ ಹತ್ತರಲ್ಲಿ ಎಂಟು ಸಲ ಬಿದ್ದಿತು. ನಮ್ಮ ಹಿಂದಿನವರು ಧನುರ್ವಿದ್ಯೆಯಲ್ಲಿ ಮುಷ್ಟಿಯ ಸ್ಥೈರ್ಯಕ್ಕೆ ಕೊಟ್ಟ ಪ್ರಾಧಾನ್ಯವನ್ನು ನಾನು ಹೇಳಹೊರಟೆನು. “ಸಾರ್, ಈಗ ಮಾತಾಡಬೇಡಿ, ನಾಣ್ಯ ಬೀಳುತ್ತದೆ” ಎಂದಳು. ಕೆಲವೇ ದಿನಗಳಲ್ಲಿ ನಾಣ್ಯವು ನಿಂತಿತು.

ಹಬ್ಬಕ್ಕೆ ಎರಡು ದಿನ ಮುಂಚೆ, ಒಕ್ಕದ ಹಿರಿಯರ ಅನುಮತಿಯಿಂದ, ತೆಂಗಿನಕಾಯಿಗೆ 
ಗುಂಡು ಹೊಡೆಯುವ ಮೈದಾನದಲ್ಲಿ ಎತ್ತರವಾದ ಕೆಮ್ಮಣ್ಣಿನ ಬರೆಯನ್ನು ಹಿನ್ನೆಲೆಯಾಗಿಟ್ಟುಕೊಂಡು ಪರೀಕ್ಷಿಸಿದೆವು. ಮರಳುಚೀಲದ ಮೇಲೆ ಬಂದೂಕನ್ನು ಇರಿಸಿ, ಐವತ್ತು ಗಜದಲ್ಲಿ ಐದು ಗುಂಡು. ಎಲ್ಲವೂ ಎರಡು ಅಂಗುಲದೊಳಗೆ ಬಿದ್ದಿದ್ದುವು. ಬಲ್ಲವರು ಇದನ್ನು ಕೋನದಲ್ಲಿ ಅಳೆಯುವರು: ಒಂದು ಅಂಶದ ಅರವತ್ತನೆಯ ಒಂದು ಭಾಗಕ್ಕೆ, ಎಂದರೆ ಒಂದು ಕಲೆಗೆ, ನೂರು ಗಜದಲ್ಲಿ ಒಂದು ಅಂಗುಲಕ್ಕೆ ತುಸು ಹೆಚ್ಚು. ಹಿಂದೆ ಹನ್ನೆರಡು ಕಲೆಗಳಷ್ಟಿದ್ದ ಚೆದರಾಟವು ನಾಲ್ಕಕ್ಕೆ ಇಳಿದಿದ್ದಿತು. ಸ್ಪರ್ಧೆಯ ಬಂದೂಕುಗಳು ಒಂದು ಕಲೆಯೊಳಗೇ ಹೊಡೆಯುವುವು. ಹಳೆಯ ಬೇಟೆಯ ಬಂದೂಕಿಗೆ, ಬರಿಗಣ್ಣಿನ ಗುರಿಗೆ, ನಾಲ್ಕು ಕಲೆ ಎಂಬುದು ತೃಪ್ತಿಪಡತಕ್ಕ ವಿಷಯ.

ಸೆಪ್ಟೆಂಬರ್ 3ರಂದು ಕೈಲು ಮುಹೂರ್ತ. ಮನೆಯ ಕೋವಿಗಳೂ ಒಡಿಕತ್ತಿಗಳೂ ಕನ್ನಿಕೊಂಬರೆಯೆಂಬ ದೇವರ ಕೋಣೆಯಲ್ಲಿ ಸಾಲಾಗಿ ಕುಳಿತಿದ್ದುವು. ಅವುಗಳ ಬಾಯಿಗೆ ಸಿಕ್ಕಿಸಿದ್ದು ಕೆಂಪು ಹಳದಿ ನಾಲಗೆಗಳಂತಿರುವ ತೋಕ್ ಪೂ, ನಮ್ಮ ನಿಘಂಟುಗಳಲ್ಲಿ ಅಗ್ನಿಶಿಖಾ ಎಂದೂ ಲಾಂಗಲೀ ಎಂದೂ ಹೆಸರಾದ ಹೂವು. ಬೆಂಕಿಯ ಜ್ವಾಲೆಗೂ ನೇಗಿಲಿಗೂ ಒಂದೇ ಹೂವಿನಲ್ಲಿ ಹೆಸರು ಕೂಡಿದುದು, ನಾಟಿ ಮುಗಿಸಿ ಆಯುಧವನ್ನು ಕೈಗೆತ್ತಿಕೊಳ್ಳುವ ಈ ಹಬ್ಬಕ್ಕೆ ಎಷ್ಟು ಸಲ್ಲುವುದೆಂದು ನನಗೆ ಅನ್ನಿಸಿತು. ಊಟಕ್ಕೆ ಅವರಿಗೆ ಕಡಂಬಿಟ್ಟೂ ಹಂದಿಯ ಮಾಂಸವೂ. ನನಗೆ ಕಡಂಬಿಟ್ಟಿನೊಡನೆ ಕಳಲೆಯ ಸಾರನ್ನು ಬೇರೆ ಒಲೆಯಲ್ಲಿ ಮಾಡಿ ಬಡಿಸಿದರು. ಅಷ್ಟು ರುಚಿಯಾದ ಕಳಲೆಯನ್ನು ನಾನು ತಿಂದುದಿಲ್ಲ.

ಮಧ್ಯಾಹ್ನ ಮೈದಾನದಲ್ಲಿ ಹುಡುಗಿಗೆ ಮೂರು ಗುಂಡು ಕೊಟ್ಟರು. ಮೊದಲನೆಯದು ಕಾಯಿಯ ಮೇಲಿನಿಂದ ಹೋಯಿತು. ಎರಡನೆಯದು ಕಾಯಿಯನ್ನು ಇಟ್ಟಿದ್ದ ಕಂಬದ ಸಿಪ್ಪೆ ಹಾರಿಸಿತು. ಮೂರನೆಯದಕ್ಕೆ ಮೊದಲು ಅವಳು ಬಂದೂಕನ್ನು ಕೆಳಗಿಳಿಸಿ, ಬೋಲ್ಟನ್ನು ತೆರೆದಿಟ್ಟು, ಒಂದು ನಿಮಿಷ ಸುಮ್ಮನೆ ನಿಂತಳು. ಹಿಂದಿನಿಂದ ಯಾರೋ ಬೇಗ ಎಂದು ಕೂಗಿದರು. ಅವಳ ತಂದೆ ಕೈಯೆತ್ತಿ ಅವರನ್ನು ತಡೆದನು. ಮತ್ತೆ ಎತ್ತಿ ಹಿಡಿದು, ಮೊದಲ ಎಳೆತದಲ್ಲಿ ತಡೆದು, ಒತ್ತಿದಳು. ಕಾಯಿ ಒಡೆದು ನೀರು ಬಿಸಿಲಿನಲ್ಲಿ ಮಿಂಚಿತು. ಅಂದು ಬೆಳಗಿನಿಂದ ಮಳೆ ಬಿಟ್ಟಿದ್ದಿತು.

ಸಂಜೆ ಬಂದೂಕನ್ನು ಒರೆಸಿ ಇಡುವ ಕ್ರಮವನ್ನೂ ಬದಲಾಯಿಸಿದರು. ಮೊದಲು ಅದನ್ನು ಚರ್ಮದ ಚೀಲದಲ್ಲಿ ಹಾಕಿ ಗೋಡೆಗೆ ತಗುಲಿಸುತ್ತಿದ್ದರು. ಚರ್ಮವು ತೇವವನ್ನು ಹಿಡಿದಿಡುವುದರಿಂದ ಈಗ ಚೀಲವಿಲ್ಲದೆ, ಗಾಳಿಯಾಡುವ ಬೀಗದ ಕಪಾಟಿನಲ್ಲಿ ನಿಲ್ಲಿಸಿದರು. ಬೋಲ್ಟನ್ನು ಕಳಚಿ ಬೇರೆ ಪೆಟ್ಟಿಗೆಯಲ್ಲಿ, ತೋಟಾಗಳನ್ನು ಮತ್ತೊಂದರಲ್ಲಿ. ಮುಂದಿನ ತಿರುಪಿನ ಗೆರೆ ಎಲ್ಲಿ ನಿಲ್ಲಬೇಕೆಂಬುದಕ್ಕೆ ವೃದ್ಧರು ಕಬ್ಬಿಣದ ಮೇಲೆ ಒಂದು ಸಣ್ಣ ಗುರುತು ಮಾಡಿ ಕೊಟ್ಟಿದ್ದರು. ಬೇಸಿಗೆಯಲ್ಲಿ ಅದು ಕದಲಿದೆಯೇ ಎಂದು ನೋಡಬಹುದು, ತಿರುಗಿಸಬಾರದು. ಮಾರ್ಚಿಯಲ್ಲಿ ಮರ ಒಣಗಿದ ಮೇಲೆ ಒಮ್ಮೆ ಅಂಗಡಿಗೆ ತರಬೇಕು, ಹಿಂದಣ ತಿರುಪಿನ ಬಳಿ ಅಂತರವು ಎಷ್ಟಾಗಿದೆಯೆಂದು ತಾವು ಅಳೆದು ನೋಡುವೆವೆಂದು ಬಿಲ್ಲಿನ ಹಿಂದೆ ಬರೆದಿದ್ದರು. ಆ ಕಾಗದವನ್ನು ನನ್ನ ಶಿಷ್ಯನು ವಿನಾಯಿತಿ ಪತ್ರದ ಜೊತೆಯಲ್ಲಿಯೇ ಮಡಿಸಿ ಇಟ್ಟನು.